ಅಮ್ಮ ಕಾದ ಕರೆಂಟು ಕಾರು

ನಮ್ಮ ಮನೆಯಲ್ಲಿ ಬಹಳ ವರ್ಷ ಒಂದು ಮಾತು ಚಾಲ್ತಿಯಲ್ಲಿತ್ತು: "ಆ ಕಂಪನಿಯವರ ಕರೆಂಟು ಕಾರು ಬರಲಿ, ತಗೊಳ್ಳೋಣ."

ಮೊದಲು ಹೇಳಿದವರು ನನ್ನ ಗಂಡ. ಕೊಯಮತ್ತೂರಿನ ಹೊರಗೆ, ಪೆರಿಯನಾಯಕನಪಾಳ್ಯದ ನಮ್ಮ ಬೀದಿಯಲ್ಲಿ ಒಂದೊಂದೇ ಮನೆಯ ಮುಂದೆ ಕಾರು ಬಂದು ನಿಲ್ಲುತ್ತಿದ್ದ ಕಾಲ ಅದು. ನಮ್ಮ ಮನೆಯ ಮುಂದೆ ಒಂದು ಸ್ಕೂಟರು, ಎರಡು ಕರಿಬೇವಿನ ಗಿಡ. ಬಸ್ಸಿನಲ್ಲಿ ಜೋತುಬಿದ್ದು ಬಂದ ಸಂಜೆ ನಾನು ಕಾರಿನ ಮಾತೆತ್ತಿದರೆ ಅವರು ಗಂಭೀರವಾಗಿ ತಲೆಯಾಡಿಸಿ ಈ ವಾಕ್ಯ ಹೇಳುತ್ತಿದ್ದರು. ಕೇಳಿದವರಿಗೆ ಅದರಲ್ಲಿ ಪರಿಸರದ ಕಾಳಜಿ, ದೂರದೃಷ್ಟಿ, ಮಿತವ್ಯಯ ಎಲ್ಲ ಕಾಣುತ್ತಿತ್ತು. ನನಗೆ ಕಾಣುತ್ತಿದ್ದದ್ದು ಒಂದೇ, ಇವತ್ತು ಬೇಡ ಅನ್ನುವುದು. ನೂಲಿನ ಮಿಲ್ಲಿನಲ್ಲಿ ಮೇಲ್ವಿಚಾರಕರಾದ ಅವರು ಕ್ಷೌರವನ್ನೂ ಮುಂದಿನ ಭಾನುವಾರಕ್ಕೆ ತಳ್ಳುವ ಪೈಕಿ.

ಸುಳ್ಳೇಕೆ, ನನಗೂ ಆ ಮಾತು ಅನುಕೂಲವಾಗಿತ್ತು. ನಾನು ಪಂಪು ತಯಾರಿಸುವ ಕಾರ್ಖಾನೆಯಲ್ಲಿ ಮೋಟರುಗಳನ್ನು ಪರೀಕ್ಷಿಸುವವಳು. ದಿನಕ್ಕೆ ಹತ್ತಾರು ಮೋಟರು ಓಡಿಸಿ, ಅವುಗಳ ಸದ್ದು ಕೇಳಿಯೇ ಜಾತಕ ಹೇಳಬಲ್ಲೆ. ಆದರೆ ಕಾರಿನ ಸ್ಟೀರಿಂಗ್ ಹಿಡಿಯುವುದೆಂದರೆ ಅಂಗೈ ಬೆವರುತ್ತದೆ. ಕಾರು ಬಂದರೆ ಕಲಿಯಬೇಕಾದೀತು. ಬಾರದಿದ್ದರೆ ಆ ಗೋಜಿಲ್ಲ. ಹೀಗೆ ಗಂಡ ಹೆಂಡತಿ ಇಬ್ಬರೂ ಆ ಮಾತಿನ ನೆರಳಲ್ಲಿ ಹಾಯಾಗಿದ್ದೆವು. ಅದನ್ನು ನಿಜವೆಂದು ನಂಬಿದವಳು ನಮ್ಮ ಜೊತೆಗಿದ್ದ ನನ್ನ ಅಮ್ಮ ಒಬ್ಬಳೇ.

ಆ ಕಂಪನಿಯೇ ಏಕೆ ಅನ್ನುವುದಕ್ಕೆ ಕಾರಣ ನನ್ನ ಮದುವೆ. ಅವಿನಾಶಿ ಕಡೆಯಿಂದ ಗಂಡಿನವರು ಯಾರದೋ ದೊಡ್ಡ, ಉದ್ದನೆಯ, ಹೊಳೆಯುವ ಕಾರಿನಲ್ಲಿ ಹೊರಟರು. ಮದುವೆಯ ಛತ್ರವಿದ್ದ ಅನ್ನೂರು ಇನ್ನೂ ಎರಡು ಮೈಲಿ ಇರುವಾಗ ಅದು ರಸ್ತೆಯ ನಡುವೆ ನಿಂತಿತು, ಮತ್ತೆ ಕದಲಲಿಲ್ಲ. ಇತ್ತ ಮುಹೂರ್ತ ಹತ್ತಿರವಾಗುತ್ತಿತ್ತು. ಅಮ್ಮ ಯಾರಿಗೆ ಸೀರೆ ನೇಯ್ದು ಕೊಡುತ್ತಿದ್ದಳೋ ಆ ಸೀರೆ ವ್ಯಾಪಾರಿಯ ಬಳಿ ಒಂದು ಪುಟ್ಟ ಬಿಳಿ ಕಾರಿತ್ತು. ಅವರು ಬಾವಿ ಹಗ್ಗ ಹಾಕಿಕೊಂಡು ಹೋಗಿ, ಆ ದೊಡ್ಡ ಕಾರನ್ನು, ಒಳಗೆ ಬಾಸಿಂಗ ಕಟ್ಟಿಕೊಂಡು ಕೂತಿದ್ದ ಮದುಮಗನ ಸಮೇತ, ಛತ್ರದ ಬಾಗಿಲವರೆಗೆ ಎಳೆದು ತಂದರು. ಗಂಡನ್ನು ಹಗ್ಗ ಹಾಕಿ ಎಳೆತಂದ ಮದುವೆ ಎಂದು ನೆಂಟರು ಇಂದಿಗೂ ನಗುತ್ತಾರೆ. ನನ್ನ ಗಂಡ ಮಾತ್ರ ಆ ಕಥೆ ಶುರುವಾದರೆ ಕೈ ತೊಳೆಯಲು ಏಳುತ್ತಾರೆ.

ಆ ಪುಟ್ಟ ಕಾರನ್ನು ಮಾಡಿದ ಕಂಪನಿ ಅಂದಿನಿಂದ ಅಮ್ಮನಿಗೆ ಯೋಗ್ಯತೆಯ ಅಳತೆಗೋಲಾಯಿತು. ಒಳ್ಳೆಯ ಮಿಕ್ಸಿ ಸಿಕ್ಕರೆ "ಆ ಕಾರ್ ಥರ ಅದೆ" ಅನ್ನುವಳು. ಒಳ್ಳೆಯ ಅಳಿಯ ಸಿಕ್ಕಿದ್ದಾನೆಂದು ಯಾರಾದರೂ ಹೊಗಳಿಕೊಂಡರೆ, "ಎಳೀತಾನಾ, ಎಳಿಸ್ಕೋತಾನಾ?" ಎಂದು ಕೇಳಿಬಿಡುವಳು.

ಅಮ್ಮ ಪೊಳ್ಳಾಚಿ ಕಡೆಯ, ಮನೆಯಲ್ಲಿ ಕನ್ನಡ ಆಡುವ ನೇಕಾರರ ಊರಿನವಳು. ನೆಲದಲ್ಲಿ ಗುಂಡಿ ತೋಡಿ, ಅದರಲ್ಲಿ ಕಾಲು ಇಳಿಬಿಟ್ಟು ಕೂತು ನೇಯುವ ಮಗ್ಗದಲ್ಲಿ ಇಪ್ಪತ್ತೈದು ವರ್ಷ ದುಡಿದವಳು. ಅಪ್ಪ ಹೋದ ಮೇಲೆ ನಮ್ಮ ಮನೆಗೆ ಬಂದಳು. ಓದುವುದು ತಮಿಳು ಪತ್ರಿಕೆ, ಮೊದಲ ಪುಟದಿಂದ ಕೊನೆಯ ಪುಟದವರೆಗೆ, ಮರಣವಾರ್ತೆ ಸಹಿತ. ಅವಳಿಗೆ ಐವತ್ತೊಂಬತ್ತು ತುಂಬಿದ ವರ್ಷ ಒಂದು ಬೆಳಿಗ್ಗೆ ಆ ಪತ್ರಿಕೆಯಲ್ಲಿ ಸುದ್ದಿ ಬಂತು. ಆ ಕಂಪನಿ ಕರೆಂಟು ಕಾರು ಮಾಡಲು ತೀರ್ಮಾನಿಸಿದೆ, ಎಲ್ಲರ ಕೈಗೆಟಕುವ ಬೆಲೆಯಲ್ಲಿ, ಬೇಗನೆ.

ನಾನು ಡಬ್ಬಿಗೆ ಅನ್ನ ಹಾಕುತ್ತಿದ್ದೆ. ಅಮ್ಮ ಪತ್ರಿಕೆ ಮಡಿಸಿ ಕೇಳಿದಳು, "ಕಣ್ಣು, ಕರೆಂಟ್ ವಂಡಿಗೆ ಕ್ಲಚ್ ಅದೆಯಾ?" ಕಣ್ಣು ಎಂದು ಮುದ್ದಿಗೆ ಕರೆಯುವುದು, ವಂಡಿ ಎಂದರೆ ಗಾಡಿ.

"ಇಲ್ಲಮ್ಮ. ಗೇರೂ ಇಲ್ಲ. ಒಂದು ಓಡೋಕೆ, ಒಂದು ನಿಲ್ಲೋಕೆ, ಅಷ್ಟೇ."

"ಎರಡೇ ತುಳಿಯೋದಾ?"

"ಎರಡೇ."

"ನಮ್ ಮಗ್ಗಕ್ಕೂ ಎರಡೇ ಅಲ್ವಾ," ಎಂದು ಅಮ್ಮ ಪತ್ರಿಕೆ ಮತ್ತೆ ಬಿಡಿಸಿ ಮರಣವಾರ್ತೆಗೆ ಹೋದಳು.

ನಾನು ಅದನ್ನು ಮರೆತೆ. ಹತ್ತು ದಿನ ಕಳೆದ ಮೇಲೆ ಮಿಲ್ಲಿನಿಂದ ಬಂದ ಗಂಡ ಚಪ್ಪಲಿಯನ್ನೂ ಬಿಡದೆ ಹೇಳಿದರು, "ನಿಮ್ಮಮ್ಮನನ್ನ ನೋಡಿದೆ. ಮೆಟ್ಟುಪಾಳ್ಯಂ ರಸ್ತೆಯಲ್ಲಿ. ಕಾರು ಓಡಿಸ್ತಾ ಇದ್ದರು."

ಡ್ರೈವಿಂಗ್ ಶಾಲೆಗೆ ಸೇರಿದ್ದಾಳೆ. ನಮಗೆ ಹೇಳಿದರೆ ಬೇಡ ಅನ್ನುತ್ತೇವೆಂದು ಹೇಳಿರಲಿಲ್ಲ, ಅಷ್ಟೆ. "ಕಾರ್ ಬಂದ ಮೇಲೆ ಕಲಿಯೋಕೆ ಹೋದ್ರೆ, ಕಾರ್ ಕಾಯ್ಬೇಕಾಗುತ್ತೆ. ಪಾಪ, ಅದ್ಯಾಕೆ ಕಾಯ್ಬೇಕು?" ಅಂದಳು. ಬರುವುದೇ ಇಲ್ಲ ಎಂದು ನನ್ನ ಗಂಡ ಹೇಳುವಂತಿರಲಿಲ್ಲ. ಬರುತ್ತದೆಂದು ಏಳು ವರ್ಷದಿಂದ ಹೇಳುತ್ತಿದ್ದವರು ಅವರೇ.

ಕಲಿಸುವವರು ಬಡಕಲು ದೇಹದ, ಮೆದು ಮಾತಿನ ಮನುಷ್ಯ. ಅವರ ಶಾಲೆಯೆಂದರೆ ಒಂದು ಕೋಣೆ, ಒಂದು ಕಾರು. ಪಕ್ಕದ ಸೀಟಿನವರ ಕಾಲ ಬಳಿಯೂ ಒಂದು ಬ್ರೇಕ್ ಇದ್ದ ಆ ಕಾರು ಪೆಟ್ರೋಲಿನದು, ಕ್ಲಚ್ ಇರುವಂಥದು, ಆದರೆ ಅದೇ ಕಂಪನಿಯದು. ಅಮ್ಮ ಬೇರೆ ಮೂರು ಶಾಲೆ ಬಿಟ್ಟು ಅಲ್ಲಿಗೆ ಸೇರಿದ್ದು ಅದಕ್ಕೇ. ಒಂದು ಭಾನುವಾರ ನಾನೂ ಹಿಂದಿನ ಸೀಟಿನಲ್ಲಿ ಕೂತು ಹೋದೆ. ಅಮ್ಮ ಚಪ್ಪಲಿ ಬಿಚ್ಚಿ ಬರಿಗಾಲಲ್ಲಿ ಕೂತಳು. ಕಾರು ಹೊರಟಿತು, ತಟ್ಟನೆ ನಿಂತಿತು, ಹೊರಟಿತು, ನಿಂತಿತು. ಬಗ್ಗಿ ನೋಡಿದರೆ ವಿಷಯ ಗೊತ್ತಾಯಿತು. ಮಗ್ಗದಲ್ಲಿ ಬಲಗಾಲು ಒತ್ತಿದರೆ ಲಾಳಿ ಅತ್ತ ದಾಟುತ್ತದೆ, ಎಡಗಾಲು ಒತ್ತಿದರೆ ಇತ್ತ ಬರುತ್ತದೆ. ಇಪ್ಪತ್ತೈದು ವರ್ಷ ಹಾಗೆ ನಡೆದ ಕಾಲುಗಳು ಇಲ್ಲಿಯೂ ಒಂದಾದ ಮೇಲೆ ಒಂದು ತುಳಿಯುತ್ತಿದ್ದವು. ಗೌಂಡಂಪಾಳ್ಯದವರೆಗೆ ಅಮ್ಮ ನಮ್ಮನ್ನು ನೇಯ್ದುಕೊಂಡೇ ಹೋದಳು.

ಮಾಸ್ತರರು ತಮ್ಮ ಬ್ರೇಕಿನ ಮೇಲಿನ ಕಾಲು ತೆಗೆಯದೆ ತಮಿಳಿನಲ್ಲಿ ಹೇಳಿದರು, "ಅಮ್ಮಾ, ಇದು ಕಾರ್. ತರಿ ಇಲ್ಲೈ." ತರಿ ಎಂದರೆ ಮಗ್ಗ.

"ತೆರಿಯುದು ತಂಬಿ," ಗೊತ್ತಪ್ಪ ಗೊತ್ತು, ಎಂದಳು ಅಮ್ಮ. "ನನಗೆ ತೆರಿಯುದು. ಕಾಲಿಗೆ ಇನ್ನೂ ತೆರಿಯಲ್ಲ."

ಕಾಲಿಗೆ ತಿಳಿಯಲು ಮೂರು ತಿಂಗಳು ಹಿಡಿಯಿತು. ಮನೆಯಲ್ಲಿ ಟಿವಿ ನೋಡುವಾಗಲೂ ಮುಂದೆ ಮೂರು ಮಣೆ ಇಟ್ಟುಕೊಂಡು ಒತ್ತುತ್ತಿದ್ದಳು. ಎಡಗಾಲು ಮೆಲ್ಲಗೆ ಮೇಲೇಳಬೇಕು, ಬಲಗಾಲು ಮೆಲ್ಲಗೆ ಇಳಿಯಬೇಕು. ನನ್ನ ಗಂಡ ಒಮ್ಮೆ ಕತ್ತಲಲ್ಲಿ ಆ ಮಣೆ ಎಡವಿದರು. ಅಮ್ಮ "ಕ್ಲಚ್ ತುಳಿದ್ರಿ" ಅಂದಳು.

ಲೈಸೆನ್ಸಿನ ಪರೀಕ್ಷೆಯಲ್ಲಿ ಮೊದಲ ಸಲ ಫೇಲಾದಳು. ಓಡಿಸುವುದರಲ್ಲಿ ತಪ್ಪಿರಲಿಲ್ಲ. ಮೈದಾನದಲ್ಲಿ ಗುರುತು ಹಾಕಿದ ದಾರಿಯ ಬಾಯಲ್ಲಿ ಕಾರು ನಿಲ್ಲಿಸಿಕೊಂಡು, ಹಿಂದಿನಿಂದ ಬಂದವರಿಗೆಲ್ಲ ಕೈಬೀಸಿ "ನೀವು ಹೋಗಿ, ನೀವು ಹೋಗಿ" ಎಂದು ದಾರಿ ಬಿಟ್ಟಳು. ಆರು ಕಾರು ಹೋದವು. ಇನ್ಸ್‌ಪೆಕ್ಟರು ಬಂದು ಕಿಟಕಿಯಲ್ಲಿ ಬಗ್ಗಿ, "ಅಮ್ಮಾ, ಇವರು ಮದುವೆಗೆ ಬಂದವರಲ್ಲ," ಅಂದರು. ಎರಡನೆಯ ಸಲ ಅಮ್ಮ ಯಾರಿಗೂ ದಾರಿ ಬಿಡಲಿಲ್ಲ, ಆ ಇನ್ಸ್‌ಪೆಕ್ಟರಿಗೂ ಸಹ. ಪಾಸಾದಳು. ಆ ಕಾರ್ಡನ್ನು ಪೂಜೆಯ ಗೂಡಿನಲ್ಲಿ ಎರಡು ದಿನ ಇಟ್ಟು ಆಮೇಲೆ ಚೀಲಕ್ಕೆ ಹಾಕಿಕೊಂಡಳು.

ಲೈಸೆನ್ಸ್ ಬಂತು, ಕಾರು ಬರಲಿಲ್ಲ.

ಮುಂದಿನ ವರ್ಷ ಅಂದರು. ಮುಂದಿನ ವರ್ಷ ಬಂದು, ಅದರ ಮುಂದಿನ ವರ್ಷ ಅಂದರು. ಯಾವುದೋ ಪ್ರದರ್ಶನದಲ್ಲಿ ತಿರುಗುವ ವೇದಿಕೆಯ ಮೇಲೆ ಅದು ನಿಂತಿದ್ದ ಚಿತ್ರ ಪತ್ರಿಕೆಯಲ್ಲಿ ಬಂತು. ಹೆಣ್ಣು ನೋಡುವ ಶಾಸ್ತ್ರ ಮುಗಿದ ಹಾಗೆ ಅಮ್ಮ ಖುಷಿಪಟ್ಟಳು. ಬಸ್ಸಿನಲ್ಲಿ ಕೊಯಮತ್ತೂರಿಗೆ ಹೋದಾಗಲೆಲ್ಲ ಆ ಕಂಪನಿಯ ಷೋರೂಮಿಗೆ ಹೋಗಿ ವಿಚಾರಿಸಿಕೊಂಡು ಬರುವಳು. ಅಲ್ಲಿ ಕೂರುವ ಹೆಣ್ಣುಮಗಳಿಗೆ ಅಮ್ಮನ ಪರಿಚಯ ಎಷ್ಟಾಯಿತೆಂದರೆ, ಬಾಗಿಲು ತೆರೆದ ಕೂಡಲೇ "ಇನ್ನೂ ಬಂದಿಲ್ಲ, ಕಾಫಿ ತಗೊಳ್ಳಿ" ಅನ್ನುತ್ತಿದ್ದಳಂತೆ. ಅಮ್ಮ ಅವಳಿಗೆ ಕರಿಬೇವು ಒಯ್ದು ಕೊಡುತ್ತಿದ್ದಳು.

ಈ ನಡುವೆ ನಮ್ಮ ಕಾರ್ಖಾನೆಗೆ ದಾವಣಗೆರೆ ಕಡೆಯ ಒಬ್ಬರು ವರ್ಗವಾಗಿ ಬಂದರು. ನನ್ನ ಪಕ್ಕದ ಮೇಜು. ನಾನು ಮನೆಯಲ್ಲಿ ಕನ್ನಡ ಆಡುತ್ತೇನೆ, ಅಕ್ಷರ ಬಾರದು ಎಂದು ಕೇಳಿ ಅವರಿಗೆ ಸಂಕಟವಾಯಿತು. ಮಧ್ಯಾಹ್ನದ ಊಟದ ಹೊತ್ತಿನಲ್ಲಿ, ಮೋಟರು ಪರೀಕ್ಷೆಯ ಹಳೆಯ ಹಾಳೆಗಳ ಬೆನ್ನಿಗೆ ಬರೆಸಿ ಬರೆಸಿ ನನಗೆ ಈ ಲಿಪಿ ಕಲಿಸಿದವರು ಅವರೇ. ಅವರು ಬೇರೊಂದು ಕಂಪನಿಯ ಕರೆಂಟು ಕಾರು ಕೊಂಡಿದ್ದರು. ಅಮ್ಮನ ಕಾಯುವಿಕೆಯ ಕಥೆ ಕೇಳಿ ನಕ್ಕು, "ಬನ್ನಿ, ಘಟ್ಟ ಹತ್ತಿ ವಾಲ್ಪಾರೈ ಟೀ ತೋಟಗಳಿಗೆ ಹೋಗಿ ಬರೋಣ. ಕರೆಂಟು ಕಾರು ಅಂದ್ರೆ ಏನಂತ ಅಮ್ಮನಿಗೆ ತೋರಿಸ್ತೀನಿ," ಎಂದರು.

ಒಂದು ಭಾನುವಾರ ಬೆಳಿಗ್ಗೆ ನಾವು ಮೂವರು ಹೊರಟೆವು. ಗಂಡ ಮುಂದಿನ ಸಲ ಬರುತ್ತೇನೆಂದು ಉಳಿದುಕೊಂಡರು. ಅಮ್ಮ ಮುಂದಿನ ಸೀಟಿನಲ್ಲಿ ಕೂತಳು. ಸಹೋದ್ಯೋಗಿ ಅಚ್ಚುಕಟ್ಟಾದ ಕನ್ನಡದಲ್ಲಿ ಕಾರಿನ ಗುಣಗಾನ ಮಾಡುತ್ತ ಓಡಿಸಿದರು. ಅಮ್ಮ ಹಿಂದೆ ತಿರುಗಿ ನನಗೆ ಮೆಲ್ಲಗೆ ಹೇಳಿದಳು, "ಒಳ್ಳೇವ್ರು. ಪುಸ್ತಕ ಮಾತಾಡ್ತಾರೆ, ಅರ್ಧ ತಿಳಿಯುತ್ತೆ."

ಆಳಿಯಾರು ದಾಟಿ ಘಟ್ಟ ಶುರುವಾಯಿತು. ನಲವತ್ತು ತಿರುವುಗಳು. ಐದನೆಯ ತಿರುವಿನವರೆಗೆ ಅವರು ಮಾತಾಡಿದರು. ಹತ್ತನೆಯದರಲ್ಲಿ ಹಾಡು ನಿಲ್ಲಿಸಿದರು. ಹದಿನಾರನೆಯದರಲ್ಲಿ ಎಸಿ ಆರಿಸಿ ಕಿಟಕಿ ತೆರೆದು, "ಘಟ್ಟದ ಗಾಳಿ ಆರೋಗ್ಯಕ್ಕೆ ಒಳ್ಳೇದು," ಎಂದರು. ಎದುರಿನ ಪರದೆಯಲ್ಲಿ ಬ್ಯಾಟರಿಯ ಅಂಕಿ ನಮ್ಮ ಕಣ್ಣೆದುರೇ ಇಳಿಯುತ್ತಿತ್ತು. ಇಪ್ಪತ್ತೈದನೆಯ ತಿರುವಿನಲ್ಲಿ ಅವರು ಸೀಟಿನ ತುದಿಗೆ ಸರಿದು ಕೂತರು. ಹಿಂದಿನಿಂದ ಬಂದ ಘಟ್ಟದ ಬಸ್ಸು ಹಾರ್ನ್ ಹೊಡೆದು ನಮ್ಮನ್ನು ದಾಟಿ ಹೋಯಿತು, ಒಳಗಿನವರೆಲ್ಲ ನಮ್ಮನ್ನು ನೋಡುತ್ತ.

ಅಮ್ಮ ಕೇಳಿದಳು, "ಹಗ್ಗ ಇಟ್ಟಿದ್ದೀರಾ?"

"ಚಾರ್ಜ್ ಸಾಕಷ್ಟಿದೆ ಅಮ್ಮ, ಯೋಚನೆ ಮಾಡಬೇಡಿ," ಎಂದರು ಅವರು, ಹಣೆ ಒರೆಸಿಕೊಳ್ಳುತ್ತ.

ವಾಲ್ಪಾರೈ ತಲುಪಿದಾಗ ಅಂಕಿ ಒಂಬತ್ತಿಗೆ ಬಂದಿತ್ತು. ಫೋನು ತೋರಿಸಿದ ಚಾರ್ಜಿಂಗ್ ಜಾಗದಲ್ಲಿ ಯಂತ್ರವಿತ್ತು, ಅದರ ಮೇಲೆ ರಿಪೇರಿಯಲ್ಲಿದೆ ಎಂಬ ಚೀಟಿಯಿತ್ತು. ಕೊನೆಗೆ ಒಂದು ಸಣ್ಣ ಲಾಡ್ಜಿನವರು ತಮ್ಮ ರುಬ್ಬುವ ಯಂತ್ರದ ಪ್ಲಗ್ಗನ್ನು ಬಿಟ್ಟುಕೊಟ್ಟರು. ದೋಸೆ ಹಿಟ್ಟು ರುಬ್ಬಿ ಮುಗಿಯುವವರೆಗೆ ಕಾದು ತಂತಿ ಸಿಕ್ಕಿಸಿದೆವು. ಆ ಪ್ಲಗ್ಗಿನಲ್ಲಿ ಅಂಕಿ ಏರುವ ವೇಗ ನೋಡಿದರೆ ಟೀ ಗಿಡ ಚಿಗುರುವುದೇ ಮೊದಲೇನೋ ಅನ್ನಿಸಿತು. ನಾಲ್ಕು ಗಂಟೆ ಕೂತೆವು. ಸಹೋದ್ಯೋಗಿ ಕಾರಿನ ಸುತ್ತ ಹೆರಿಗೆ ಕೋಣೆಯ ಹೊರಗಿನ ಗಂಡನಂತೆ ಓಡಾಡುತ್ತಿದ್ದರು. ಅಮ್ಮ ಹೊರಗಿನ ಕಲ್ಲುಬೆಂಚಿನಲ್ಲಿ ಟೀ ಎಸ್ಟೇಟಿನ ಕೂಲಿಯವರ ಲೈನ್ ಮನೆಯ ಹೆಂಗಸರ ಜೊತೆ ತಮಿಳಿನಲ್ಲಿ ಹರಟುತ್ತಿದ್ದಳು. ವಂಡಿ ಕೆಟ್ಟಿದೆಯಾ ಎಂದು ಅವರು ಕೇಳಿದರೆ, "ಕೆಟ್ಟಿಲ್ಲ. ಹಸಿವು. ಊಟ ಮಾಡ್ತಾ ಅದೆ," ಎಂದಳು.

ಇಳಿಯುವಾಗ ಒಂದು ಬೆರಗು ಕಾದಿತ್ತು. ಹತ್ತುವಾಗ ಇಳಿದ ಅಂಕಿ ಇಳಿಯುವಾಗ ಏರತೊಡಗಿತು. ಇಳಿಜಾರಿನಲ್ಲಿ ಮೋಟರೇ ಉಲ್ಟಾ ಕೆಲಸ ಮಾಡಿ ಬ್ಯಾಟರಿ ತುಂಬುತ್ತದೆ ಎಂಬುದು ನನಗೆ ಕೆಲಸದಿಂದ ಗೊತ್ತಿದ್ದ ವಿಷಯ, ಅಮ್ಮನಿಗೆ ವಿವರಿಸಿದೆ. ಅಮ್ಮ ಆ ಅಂಕಿಯಿಂದ ಕಣ್ಣು ಕೀಳದೆ ಒಂದೊಂದು ಏರಿದಾಗಲೂ ನಮಗೆ ಹೇಳುತ್ತಿದ್ದಳು. "ಹತ್ತೋವಾಗ ತಿಂದಿದ್ದನ್ನ ಇಳಿಯೋವಾಗ ವಾಪಸ್ ಕೊಡುತ್ತೆ. ಯೋಗ್ಯ ವಂಡಿ," ಎಂದು ತೀರ್ಪು ಕೊಟ್ಟಳು. ಸಹೋದ್ಯೋಗಿಯ ಮುಖಕ್ಕೆ ಬೆಳಗ್ಗಿನ ಕಳೆ ವಾಪಸು ಬಂತು. ಆ ಸಂತೋಷದಲ್ಲಿ, ಆಳಿಯಾರು ದಾಟಿ ಹುಣಸೆ ಮರಗಳ ನೇರ ರಸ್ತೆ ಸಿಕ್ಕಾಗ, "ಅಮ್ಮ, ನೀವು ಓಡಿಸ್ತೀರಾ?" ಎಂದು ಕೇಳಿದರು.

ಅಮ್ಮ ಚಪ್ಪಲಿ ಬಿಚ್ಚಿ ಕೂತಳು. ಕಾರು ಸದ್ದಿಲ್ಲದೆ ಹೊರಟಿತು. ಪೊಳ್ಳಾಚಿಯವರೆಗೆ ಒಂದು ಜರ್ಕಿಲ್ಲದೆ, ಎಮ್ಮೆಗೂ ಲಾರಿಗೂ ಸಮಾನ ಮರ್ಯಾದೆ ಕೊಡುತ್ತ ಓಡಿಸಿದಳು. ನಿಲ್ಲಿಸಿ ಇಳಿದ ಮೇಲೆ ಹೇಗಿತ್ತಮ್ಮ ಎಂದೆ. ಅಮ್ಮ ಯೋಚಿಸಿ ಹೇಳಿದಳು, "ಚೆನ್ನಾಗದೆ. ಆದ್ರೆ ಎಡಗಾಲಿಗೆ ವೇಲೆಯೇ ಇಲ್ಲ. ಸುಮ್ನೆ ಕೂತಿರುತ್ತೆ, ನೋಡೋಕೆ ಪಾಪ." ವೇಲೆ ಎಂದರೆ ಕೆಲಸ. ಕ್ಲಚ್ ಬೇಡವೆಂದು ಕರೆಂಟು ಕಾರಿಗೆ ಕಾದವಳು, ಕ್ಲಚ್ ಕಲಿತ ಮೇಲೆ ಅದನ್ನು ಬಿಟ್ಟಿರಲಾರದವಳಾಗಿದ್ದಳು. ಇದನ್ನು ನಾನು ಗಂಡನಿಗೆ ಹೇಳಲಿಲ್ಲ.

ಕೊನೆಗೂ ಆ ಕಂಪನಿಯ ಕಾರು ಬಂತು. ಷೋರೂಮಿನ ಹೆಣ್ಣುಮಗಳೇ ಫೋನು ಮಾಡಿದಳು. ಈ ಸಲ ಮುಂದೂಡಲು ದಾರಿಯಿಲ್ಲದೆ ಗಂಡನೂ ಬಂದರು. ಕಾರು ನಾವು ಅಂದುಕೊಂಡದ್ದಕ್ಕಿಂತ ದೊಡ್ಡದಾಗಿತ್ತು, ಎತ್ತರವಾಗಿತ್ತು, ಹೊಳೆಯುತ್ತಿತ್ತು. ಬೆಲೆ ಕೇಳಿದಾಗ ಗಂಡನ ಮುಖದಲ್ಲಿ ದುಃಖ ಕಂಡಿತು, ಅದರ ಹಿಂದೆ ನೆಮ್ಮದಿಯೂ ಇಣುಕಿತು. ಕೈಗೆಟಕುವುದು ಎಂದರೆ ಯಾರ ಕೈಗೆ ಎಂದು ಪತ್ರಿಕೆಯವರು ಬರೆದಿರಲಿಲ್ಲ. ಮಾರಾಟದ ತರುಣ ಸಮಾಧಾನ ಹೇಳಿದ, ಬ್ಯಾಟರಿ ಬಿಟ್ಟು ಕಾರು ಮಾತ್ರ ಕೊಳ್ಳಬಹುದು, ಬ್ಯಾಟರಿಗೆ ಓಡಿಸಿದಷ್ಟು ಬಾಡಿಗೆ ಕಟ್ಟಿದರೆ ಸಾಕು.

ಅಮ್ಮ ಅವನನ್ನು ಕರುಣೆಯಿಂದ ನೋಡಿದಳು. "ಮಗ್ಗ ನಮ್ಮದು, ನೂಲು ಬಾಡಿಗೆಗಾ? ನೇಯ್ದ ಮೇಲೆ ನೂಲು ಹೆಂಗಪ್ಪಾ ವಾಪಸ್ ಕೊಡೋದು?"

ಆದರೂ ಓಡಿಸಿ ನೋಡದೆ ಹೊರಡಲಿಲ್ಲ. ಓಡಿಸುವವರು ಸಾರ್ ತಾನೆ ಎಂದು ಆ ತರುಣ ಕೀಲಿಯನ್ನು ನನ್ನ ಗಂಡನತ್ತ ಚಾಚಿದ. ಗಂಡ ಅದನ್ನು ನನ್ನತ್ತ ದಾಟಿಸಿದರು. ನಾನು ಅಮ್ಮನತ್ತ ದಾಟಿಸಿದೆ. ಅಮ್ಮ ಚಪ್ಪಲಿಯನ್ನು ಷೋರೂಮಿನ ಬಾಗಿಲ ಬಳಿ ಜೋಡಿಸಿಟ್ಟು ಹೋಗಿ ಕೂತಳು. ಅವಿನಾಶಿ ರಸ್ತೆಯ ಸಂಚಾರದಲ್ಲಿ ಒಂದು ಸುತ್ತು ಹಾಕಿ, ಹಿಮ್ಮುಖವಾಗಿ ಒಂದೇ ಸಲಕ್ಕೆ ಸಾಲಿನಲ್ಲಿ ನಿಲ್ಲಿಸಿದಳು. ಹಿಂದಿನ ಸೀಟಿನಲ್ಲಿ ನನ್ನ ಪಕ್ಕ ಕೂತಿದ್ದ ಗಂಡ ಆ ಹೊತ್ತೆಲ್ಲ ಅವಳ ಕೈಕಾಲುಗಳನ್ನೇ ನೋಡುತ್ತಿದ್ದರು. ಅಮ್ಮ ಓಡಿಸಿದ್ದನ್ನು ಅವರು ಹತ್ತಿರದಿಂದ ನೋಡಿದ್ದು ಅದೇ ಮೊದಲು.

ಮನೆಗೆ ಬಸ್ಸಿನಲ್ಲಿ ಬಂದೆವು. ಅಮ್ಮನಿಗೆ ಸೀಟು ಸಿಕ್ಕಿತು, ನಮಗೆ ಸಿಗಲಿಲ್ಲ. ಗಂಡ ಕಂಬಿ ಹಿಡಿದು ನಿಂತು, "ನಾವು ಇಷ್ಟು ವರ್ಷ ಅವರಿಗೆ ಸುಳ್ಳು ಹೇಳಿದ ಹಾಗಾಯ್ತಲ್ಲ," ಎಂದರು. ನಾನು, "ನಮಗೂ," ಎಂದೆ.

ಮೂರು ದಿನ ಬಿಟ್ಟು ಅವರೇ, ಯಾರೂ ಕೇಳದೆ, ಡ್ರೈವಿಂಗ್ ಶಾಲೆಗೆ ಹೋದರು. ಮಾಸ್ತರರು ಹೊಸ ಕಾರು ತೆಗೆದುಕೊಳ್ಳುವವರಿದ್ದರು, ಹಳೆಯದನ್ನು ಮಾರುವವರಿದ್ದರು. ಹಾಗೆ ನಮ್ಮ ಮನೆಯ ಮುಂದೆ ಮೊದಲ ಕಾರು ಬಂತು: ಪೆಟ್ರೋಲಿನದು, ಮೂರು ಪೆಡಲಿನದು, ಬಣ್ಣ ಮಾಸಿದ್ದು. ಪಕ್ಕದ ಸೀಟಿನ ಬ್ರೇಕನ್ನು ತೆಗೆಸಿ ಕೊಡುತ್ತೇನೆಂದು ಮಾಸ್ತರರು ಹೇಳಿದ್ದರು. ಗಂಡ "ಇರಲಿ" ಅಂದರಂತೆ. ಆ ಸೀಟು ಈಗ ಅವರದು. ಅಮ್ಮ ಓಡಿಸುತ್ತಾಳೆ, ಅವರು ನಿಲ್ಲಿಸುತ್ತಾರೆ. ಮೊದಲ ವಾರ ತುಡಿಯಲೂರಿನವರೆಗೆ ಹೋಗಿ ಬರುವಷ್ಟರಲ್ಲಿ ಇಬ್ಬರಿಗೂ ಮಾತು ಬಿಟ್ಟುಹೋಗಿತ್ತು. ಎರಡನೆಯ ವಾರ ಅಮ್ಮ ಒಂದು ಒಪ್ಪಂದಕ್ಕೆ ಬಂದಳು: ಅಳಿಯ ಬ್ರೇಕ್ ಒತ್ತಬಹುದು, ಆದರೆ ಒತ್ತುವ ಮೊದಲು ಬಾಯಿಬಿಟ್ಟು ಕಾರಣ ಹೇಳಬೇಕು. ಕಾರಣ ಹುಡುಕುವಷ್ಟರಲ್ಲಿ ಅಪಾಯ ದಾಟಿರುತ್ತಿತ್ತು. ಹೀಗೆ ಅವರ ಕಾಲು ತಣ್ಣಗಾಯಿತು.

ನಾನೂ ಕಲಿಯುತ್ತಿದ್ದೇನೆ. ಶನಿವಾರ ಸಂಜೆ, ಮುಚ್ಚಿದ ಮಿಲ್ಲೊಂದರ ಹಿಂದಿನ ಬಯಲಿನಲ್ಲಿ, ಅಮ್ಮ ಪಕ್ಕದಲ್ಲಿ ಕೂತು ಹೇಳಿಕೊಡುತ್ತಾಳೆ. ಅಂಗೈ ಇನ್ನೂ ಬೆವರುತ್ತದೆ. ಅಮ್ಮ ಒಂದು ಕರವಸ್ತ್ರ ಕೊಟ್ಟು, "ಒರೆಸ್ಕೊ, ಅಪ್ಪುರ ಹೋಗು," ಆಮೇಲೆ ಹೋಗು, ಅನ್ನುತ್ತಾಳೆ. ನಾನು ಬೈಸಿಕೊಂಡದ್ದು ಒಂದೇ ಸಲ, ಚಪ್ಪಲಿ ಹಾಕಿಕೊಂಡು ಕೂತದ್ದಕ್ಕೆ.

ಕಳೆದ ತಿಂಗಳು ಗಂಡ ಪತ್ರಿಕೆ ಹಿಡಿದು ಅಂಗಳಕ್ಕೆ ಬಂದರು. ಅದೇ ಕಂಪನಿ ಇನ್ನೊಂದು ಕರೆಂಟು ಕಾರು ಮಾಡುತ್ತದಂತೆ, ಇದಕ್ಕಿಂತ ಸಣ್ಣದು, ಇದಕ್ಕಿಂತ ಅಗ್ಗ. ಅವರ ದನಿಯಲ್ಲಿ ಈ ಸಲ ಮುಂದೂಡುವವರ ಗಾಂಭೀರ್ಯ ಇರಲಿಲ್ಲ. ಬೆಲೆ ಎಷ್ಟಾಗಬಹುದೆಂದು ನಿಜವಾಗಿಯೇ ಲೆಕ್ಕ ಹಾಕುತ್ತಿದ್ದರು. ಅಮ್ಮ ಕಾರಿನ ಗಾಜು ಒರೆಸುತ್ತಿದ್ದಳು. ಪೂರಾ ಕೇಳಿಸಿಕೊಂಡಳು.

"ಬರಲಿ," ಎಂದಳು. "ಅವಸರ ಬ್ಯಾಡ. ಅವರೂ ಕಲೀತಾ ಇದ್ದಾರೆ."

ಎದುರು ಮನೆಯಾಕೆ ಚೀಲ ಹಿಡಿದು ಕಾಯುತ್ತಿದ್ದರು. ಅಂದು ಕಾರಮಡೈ ಸಂತೆ. ಅಮ್ಮ ಬಟ್ಟೆ ಹಿಂಡಿ ಕರಿಬೇವಿನ ಗಿಡದ ಮೇಲೆ ಹರವಿ, ಆಕೆಯನ್ನು ಹತ್ತಿಸಿಕೊಂಡು, ಬೀದಿಯ ತಿರುವಿನಲ್ಲಿ ಕ್ಲಚ್ ತಪ್ಪಿ ಒಮ್ಮೆ ಎಂಜಿನ್ ಆರಿಸಿಕೊಂಡು, ಮತ್ತೆ ಹೊತ್ತಿಸಿ, ಹೊರಟುಹೋದಳು.